ಕಿರುಗುಟ್ಟುವ ಸವಾರಿ

ಸದ್ದು ಮತ್ತೆ ಬಂತು. ಖಾಲಿ ಸೈಟುಗಳ ಸಾಲು ಮುಗಿದು ಮನೆಗಳ ಸಾಲು ಶುರುವಾಗುವ ಕಡೆ, ಅಂದರೆ ಕೇಳುವ ಕಿವಿಗಳು ಎಲ್ಲಿಂದ ಶುರುವೋ ಸರಿಯಾಗಿ ಅಲ್ಲಿಂದ, ಬಂತು. ಬಲಗಾಲು ಕೆಳಗೆ ಹೋದಾಗ ಒಂದು ಕ್ರೀಂಯ್, ಎಡಗಾಲು ಕೆಳಗೆ ಹೋದಾಗ ಒಂದು ಟಕ್. ಚನ್ನಬಸವಯ್ಯ ಹಲ್ಲು ಕಚ್ಚಿಕೊಂಡು ಪೆಡಲು ತುಳಿದ. ಮೆಲ್ಲಗೆ ತುಳಿದರೆ ಸದ್ದು ಮೆಲ್ಲಗೆ ಬಂದು ಇನ್ನಷ್ಟು ಹೊತ್ತು ಕೇಳಿಸುತ್ತಿತ್ತು. ಜೋರಾಗಿ ತುಳಿದರೆ ಜನ ತಿರುಗಿ ನೋಡುತ್ತಿದ್ದರು. ಜಯನಗರದ ಬೆಳಗು ಎಂದಿನ ಹಾಗೇ ಇತ್ತು. ಮೂರು ರೂಮಿನ ಮನೆ ಕಟ್ಟಿ ಅದರ ಹಣೆಯ ಮೇಲೆ ಸಿಮೆಂಟಿನಲ್ಲಿ ‘ವೈಕುಂಠ’ ಎಂದು ಬರೆಸಿಕೊಂಡವರು ಕಿವಿಗೆ ಮಫ್ಲರು ಸುತ್ತಿಕೊಂಡು, ಪಿಂಚಣಿಯ ಮೈಯನ್ನು ಬೆತ್ತದ ಮೇಲೆ ಊರಿ, ಗೇಟಿಗೊಬ್ಬರಂತೆ ನಿಂತಿದ್ದರು. ಹಲ್ಲುಜ್ಜುತ್ತಿದ್ದವನೊಬ್ಬ ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನೋಡಿದ. ಹಲ್ಲುಜ್ಜುವುದನ್ನು ಬೀದಿಗೆಲ್ಲ ತೋರಿಸಿಕೊಂಡು ನಿಂತವನಿಗೆ ತನ್ನ ಸೈಕಲ್ಲಿನ ಸದ್ದು ತಮಾಷೆ! ಇವರ ಮುಂದೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ತನ್ನ ಡಂಗುರವನ್ನು ತಾನೇ ಹೊಡೆದುಕೊಂಡು ಹೋಗಬೇಕು ಎಂದುಕೊಂಡಾಗ ಚನ್ನಬಸವಯ್ಯನಿಗೆ ಮೈ ಉರಿಯಿತು.

ಡಂಗುರ ಎಂಬ ಮಾತು ಸೇತುರಾಮನದು. ಸೇತುರಾಮ ಹೊಸ ಆಫೀಸರು; ವಯಸ್ಸಿನಲ್ಲಿ ಚಿಕ್ಕವನು, ಎಂ.ಎ. ಮಾಡಿದ್ದ, ಟೈ ಕಟ್ಟುತ್ತಿದ್ದ, ಒಂದು ಟಿಪ್ಪಣಿಯನ್ನು ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಹದಿನೈದು ವರ್ಷ ಫೈಲುಗಳ ಧೂಳು ಕುಡಿದು ಸೂಪರಿಂಟೆಂಡೆಂಟ್ ಆದವನು ಇಂಥವನ ಮೇಜಿನ ಮುಂದೆ ನಿಲ್ಲಬೇಕು. ಇಡೀ ಸೆಕ್ಷನ್ನಿಗೆ ಕೇಳುವ ಹಾಗೆ ಅವನು ಹೇಳಿದ್ದ: “ಚನ್ನಬಸವಯ್ಯನವರೇ, ನೀವು ಬರೋದು ಗೇಟಿನಿಂದಲೇ ಗೊತ್ತಾಗುತ್ತೆ ಕಣ್ರೀ. ಸೈಕಲ್ಲೇ ಡಂಗುರ ಹೊಡ್ಕೊಂಡು ಬರುತ್ತೆ. ನಿಮ್ಮ ಸೆಕ್ಷನ್ನಲ್ಲಿ ಇಷ್ಟು ಡಿಸಿಪ್ಲಿನ್ ಹೇಗಪ್ಪಾ ಅಂತ ಯೋಚ್ನೆ ಮಾಡ್ತಿದ್ದೆ, ಈಗ ಅರ್ಥ ಆಯ್ತು.” ಗುಮಾಸ್ತರು ನಗಲಿಲ್ಲ. ನಗದೆ ಇರಲು ಅವರು ಪಟ್ಟ ಕಷ್ಟವನ್ನು ಚನ್ನಬಸವಯ್ಯ ನೋಡಿದ, ನಕ್ಕಿದ್ದರೇ ವಾಸಿಯಾಗಿತ್ತು. ಅವನು ಒಳಗೆ ಕಾಲಿಟ್ಟಾಗಲೆಲ್ಲ ತಲೆಗಳು ಬಗ್ಗಿರುತ್ತಿದ್ದವು, ಲೇಖನಿಗಳು ಓಡುತ್ತಿದ್ದವು. ಇದು ತನ್ನ ಮೇಲಿನ ಭಯ, ಭಯದ ಜೊತೆಗೆ ಬರುವ ಗೌರವ ಎಂದು ಅವನು ಇಷ್ಟು ವರ್ಷ ನಂಬಿದ್ದ. ಸೈಕಲ್ ಸ್ಟ್ಯಾಂಡು ಅವರ ಕಿಟಕಿಯ ಕೆಳಗೇ ಇತ್ತು. ಅವನು ಸೈಕಲ್ಲಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ, ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಎಂಥ ಸೋಮಾರಿಯೂ ತಲೆ ಬಗ್ಗಿಸಿ ಕೂರಬಹುದು. ಹಾಗಾದರೆ ಅದಕ್ಕೆ ಮುಂಚೆ ಅವರು ಹೇಗಿರುತ್ತಾರೆ? ಮೇಜಿನ ಮೇಲೆ ಕಾಲು ಹಾಕಿಕೊಂಡು ಕಡಲೆಕಾಯಿ ತಿನ್ನುತ್ತಿರುತ್ತಾರೆ, ಸಿನಿಮಾದ ಮಾತಾಡುತ್ತಿರುತ್ತಾರೆ, ಅವನಿಗೊಂದು ಅಡ್ಡಹೆಸರು ಇಟ್ಟಿರುತ್ತಾರೆ. ಯಾರೂ ನೋಡದಾಗ ಮನುಷ್ಯ ಎಷ್ಟು ಕೀಳಾಗಿರುತ್ತಾನೆ ಎಂಬ ವಿಷಯದಲ್ಲಿ ಚನ್ನಬಸವಯ್ಯನಿಗೆ ಅನುಮಾನವಿರಲಿಲ್ಲ. ಸೇತುರಾಮ ರಜದ ಮೇಲೆ ಹೋಗಿದ್ದ ಒಂದು ಮಧ್ಯಾಹ್ನ ಚನ್ನಬಸವಯ್ಯನೇ ಆಫೀಸರ ರೂಮಿಗೆ ಹೋಗಿ, ತಿರುಗುವ ಕುರ್ಚಿಯಲ್ಲಿ ಕೂತು, ಒಂದು ಸುತ್ತು ತಿರುಗಿದ್ದ. ತಿರುಗಿ ಬಂದಾಗ ಬಾಗಿಲಲ್ಲಿ ಜವಾನ ನೀರಿನ ಹೂಜಿ ಹಿಡಿದು ನಿಂತಿದ್ದ. ಆ ಜವಾನನನ್ನು ಬೇರೆ ಸೆಕ್ಷನ್ನಿಗೆ ಹಾಕಿಸಲು ಅವನು ಪಟ್ಟ ಪಾಡು ಅವನಿಗೇ ಗೊತ್ತು.

ಸದ್ದನ್ನು ಹಿಡಿಯಬೇಕು. ಹಿಡಿದು ಕೊಲ್ಲಬೇಕು. ಆಮೇಲೆ ಒಂದು ದಿನ, ಯಾರಿಗೂ ತಿಳಿಯದ ಹಾಗೆ ಹೋಗಿ, ಇವರೆಲ್ಲ ಇರುವ ಹಾಗೇ ಇರುವಾಗ ಇವರ ನಡುವೆ ನಿಲ್ಲಬೇಕು. ಕಚೇರಿಯಲ್ಲೂ, ಮನೆಯಲ್ಲೂ. ಮನೆ ಎಂದಾಗ ಅವನ ಕಾಲು ಇನ್ನೂ ಗಟ್ಟಿಯಾಗಿ ಪೆಡಲಿನ ಮೇಲೆ ಬಿತ್ತು. ಸಂಜೆ ಅವನು ಸೈಕಲ್ಲು ಇಳಿಯುವ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು, ಬಚ್ಚಲಲ್ಲಿ ನೀರು, ಗೂಟದ ಮೇಲೆ ಟವಲು, ಒಲೆಯ ಮೇಲೆ ಕಾಫಿ. ಹೊಸ್ತಿಲ ಒಳಗೆ ಹೆಂಡತಿ ಗಿರಿಜಾದೇವಿ ನಿಂತಿರುತ್ತಿದ್ದಳು, ಆ ಮುಖ ಹೊತ್ತುಕೊಂಡು. ಒಂಬತ್ತು ವರ್ಷದಿಂದ ಅದೇ ಮುಖ. ಅದರಲ್ಲಿ ಸಿಟ್ಟಿಲ್ಲ, ಸೆಡವಿಲ್ಲ, ಸಂತೋಷವೂ ಇಲ್ಲ. ನಾದಿ ಮುಚ್ಚಿಟ್ಟ ಹಿಟ್ಟಿನ ಹಾಗೆ ಇರುತ್ತಿತ್ತು. ಹೇಳಿದ್ದು ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಇಂಥ ಮುಖದ ಮುಂದೆ ಎಷ್ಟು ವರ್ಷ ಉಣ್ಣುವುದು ಎಂದು ಅವನಿಗೆ ಊಟದ ನಡುವೆಯೇ ಅನ್ನಿಸಿದ್ದುಂಟು. ಮಕ್ಕಳಾಗಲಿಲ್ಲ, ಅದನ್ನೂ ಅವನು ಆ ಮುಖದ ಲೆಕ್ಕಕ್ಕೇ ಬರೆದಿದ್ದ. ಡಾಕ್ಟರಮ್ಮ ‘ನಿಮ್ಮ ಯಜಮಾನರನ್ನೂ ಒಂದು ಸಲ ಕರ್ಕೊಂಡು ಬನ್ನಿ’ ಎಂದು ಹೇಳಿ ಕಳಿಸಿದಾಗ ಅವನಿಗೆ ಕಚೇರಿಯಲ್ಲಿ ಕೆಲಸವಿತ್ತು. ಅವಳು ಎರಡನೇ ಸಲ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೂ ಅವನು ಅವಳನ್ನು ತಾತ್ಸಾರ ಮಾಡಿದ.

ಹನುಮಂತನಗರದ ಕಿಟ್ಟಿಯ ಸೈಕಲ್ ಅಂಗಡಿಗೆ ಅವನು ಸಂಜೆ ಸೈಕಲ್ಲನ್ನು ತಳ್ಳಿಕೊಂಡೇ ಹೋದ. ಅಲ್ಲಿ ಬಾಡಿಗೆಗೆ ಇದ್ದ ಕಾಲದಿಂದ ಕಿಟ್ಟಿ ಗೊತ್ತು. ಕೆಲಸಕ್ಕಿಂತ ಬಾಯಿ ಜಾಸ್ತಿ, ಎಣ್ಣೆ ಕೈಯಲ್ಲೇ ಬೀಡಿ ಸೇದುವವನು. ಕಿಟ್ಟಿ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲನ್ನು ಕೈಯಿಂದ ಗಿರ್ರೆಂದು ತಿರುಗಿಸಿದ. ಚಕ್ರ ತಿರುಗಿತು. ಸದ್ದಿಲ್ಲ.

“ಬೆಣ್ಣೆ ಸಾರ್! ಬೆಣ್ಣೆ ಥರಾ ತಿರುಗ್ತಿದೆ. ಏನ್ ಕಂಪ್ಲೇಂಟು?”

“ತುಳಿದಾಗ ಬರುತ್ತಯ್ಯ.”

“ತುಳ್ದೇ ನೋಡೋಣ” ಎಂದು ಕಿಟ್ಟಿ ಹತ್ತಿ, ದೇವಸ್ಥಾನದ ಗುಡ್ಡದ ಬುಡದವರೆಗೆ ಹೋಗಿ, ಎರಡೂ ಕೈ ಬಿಟ್ಟು ತಿರುಗಿ ಬಂದ. ಸದ್ದಿಲ್ಲ. ಅಂಗಡಿಯ ಕಲ್ಲಿನ ಮೇಲೆ ಕೂತಿದ್ದವರು ಈಗ ಸೈಕಲ್ಲನ್ನು ಬಿಟ್ಟು ಚನ್ನಬಸವಯ್ಯನನ್ನು ನೋಡತೊಡಗಿದರು. “ನೀವೊಂದ್ಸಲ ಕೂತ್ಕೊಳ್ಳಿ ಸಾರ್” ಎಂದ ಕಿಟ್ಟಿ. ಚನ್ನಬಸವಯ್ಯ ಪಂಚೆಯ ಚುಂಗನ್ನು ಎತ್ತಿ ಕಟ್ಟಿ, ಹತ್ತಿ, ತುಳಿದ. ಕ್ರೀಂಯ್. ಟಕ್. ಕ್ರೀಂಯ್. ಟಕ್. ಕಲ್ಲಿನ ಮೇಲೆ ಯಾರೋ ಕೆಮ್ಮಿದರು.

“ಸೈಕಲ್ಲೇನೋ ಸರಿಯಾಗೇ ಇದೆ ಸಾರ್, ನೀವ್ ಕೂತಾಗ ಮಾತ್ರ...” ಎಂದು ಕಿಟ್ಟಿ ಮಾತನ್ನು ಅಲ್ಲಿಗೇ ನುಂಗಿದ. ಗಿರಾಕಿಯನ್ನು ಬರಿಗೈಲಿ ಕಳಿಸುವುದು ಅವನ ಜಾಯಮಾನವಲ್ಲ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಸವೆದಿದೆ ಎಂದು ತೀರ್ಪು ಕೊಟ್ಟು, ಹೊಸದು ಹಾಕಿ, ಸುತ್ತಿಗೆಯಿಂದ ನಾಲ್ಕು ಬಾರಿಸಿ, “ಇನ್ ಹತ್ತ್ ವರ್ಷ ಸದ್ದು ಬಂದ್ರೆ ನನ್ನ ಹೆಸರು ಬದಲಾಯ್ಸಿ” ಎಂದ. ಸದ್ದು ಮುಂದಿನ ತಿರುವಿನಲ್ಲೇ ಬಂತು. ಹೆಸರು ಬದಲಾಯಿಸಲು ಚನ್ನಬಸವಯ್ಯ ಹಿಂದಕ್ಕೆ ಹೋಗಲಿಲ್ಲ. ಆ ಕಲ್ಲಿನ ಮೇಲೆ ಕೂತವರು ಈಗ ಏನು ಮಾತಾಡಿಕೊಳ್ಳುತ್ತಿರಬಹುದೆಂಬುದು ಅವನಿಗೆ ಗೊತ್ತಿತ್ತು. ಬೇರೆಯವರು ಕೂತರೆ ಬಾರದ ಸದ್ದು ತಾನು ಕೂತರೆ ಬರುತ್ತದೆ ಎಂದರೆ ಅದು ಸೈಕಲ್ಲಿನ ಸದ್ದೋ ತನ್ನ ಸದ್ದೋ ಎಂಬ ಹಾಳು ಯೋಚನೆ ದಾರಿಯುದ್ದಕ್ಕೂ ಬೆನ್ನು ಬಿಡಲಿಲ್ಲ.

ಭಾನುವಾರ ಚಿಕ್ಕಬೈರಪ್ಪ ತಾನಾಗಿ ಬಂದ. ಮನೆಯ ಮಾಲೀಕ. ಈಗ ಬೀದಿಗಳಿರುವ ಕಡೆಯೆಲ್ಲ ಒಂದು ಕಾಲಕ್ಕೆ ಅವನ ರಾಗಿ ಹೊಲವಿತ್ತು. ಬಡಾವಣೆಗೆ ಹೋಗಿ ಉಳಿದದ್ದರಲ್ಲಿ ಎರಡು ಮನೆ ಕಟ್ಟಿ, ಮುಂದಿನದನ್ನು ಬಾಡಿಗೆಗೆ ಕೊಟ್ಟು, ಹಿಂದಿನದರಲ್ಲಿ ಹೆಂಡತಿ ಮುನಿವೆಂಕಟಮ್ಮನ ಜೊತೆ ಇದ್ದ. ಕೈಗೆ ಗಡಿಯಾರ ಕಟ್ಟಿಕೊಂಡಿದ್ದ. ಹೊತ್ತು ಎಷ್ಟಾಯಿತೆಂದು ಕೇಳಿದರೆ ಆಕಾಶ ನೋಡುತ್ತಿದ್ದ. ಇಂಥವನಿಗೆ ತಾನು ಬಾಡಿಗೆದಾರ ಎಂಬುದನ್ನು ಚನ್ನಬಸವಯ್ಯ ತಿಂಗಳಿಗೊಂದು ಸಲ ನುಂಗಿಕೊಳ್ಳಬೇಕಾಗಿತ್ತು.

“ಅಯ್ನೋರೆ, ನೀವು ತುಳ್ಕಂಡು ಓಗ್ರಿ, ನಾನು ಇಂದ್ಗಡೆ ಕಿವಿ ಕೊಟ್ಕಂಡು ಬತ್ತೀನಿ” ಎಂದ ಚಿಕ್ಕಬೈರಪ್ಪ. “ಗಾಡಿ ಕೂಗ್ಕೊಂಡ್ರೆ ನಾವೂ ಇಂಗೇ ನೋಡ್ತಿದ್ದುದ್ದು. ಒಬ್ರು ಒಡೀಬೇಕು, ಒಬ್ರು ಕೇಳ್ಬೇಕು.”

ಬೇಡ ಎನ್ನಬೇಕೆಂದು ಬಾಯಿ ತೆರೆದ ಚನ್ನಬಸವಯ್ಯನಿಗೆ, ಕೂತು ತುಳಿಯುವವನಿಗೆ ಸದ್ದು ಎಲ್ಲೆಲ್ಲಿಂದಲೋ ಬಂದಂತೆ ಕೇಳುತ್ತದೆ, ಇನ್ನೊಬ್ಬನ ಕಿವಿ ಇಲ್ಲದೆ ಇದು ಬಗೆಹರಿಯುವುದಿಲ್ಲ ಎಂದು ಹೊಳೆಯಿತು. ಪ್ರಪಂಚದಲ್ಲಿ ಇಷ್ಟು ಕಿವಿಗಳಿದ್ದು ತನಗೆ ದಕ್ಕಿದ್ದು ಚಿಕ್ಕಬೈರಪ್ಪನ ಕಿವಿ, ಅದೂ ಕೂದಲು ಬೆಳೆದ ಕಿವಿ. ಅವನು ತುಳಿದ. ಚಿಕ್ಕಬೈರಪ್ಪ ಒಂದು ಕೈಯಲ್ಲಿ ಕ್ಯಾರಿಯರು ಹಿಡಿದು, ನಡು ಬಗ್ಗಿಸಿ, ಕಿವಿಯನ್ನು ಸೀಟಿನ ಹಿಂದಕ್ಕೆ ಒಡ್ಡಿ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಹಿಂದೆಯೇ ಓಡಿದ. ಬೀದಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ವೈಕುಂಠದ ಗೇಟಿನಲ್ಲಿ ಮಫ್ಲರು ನಿಂತಿತ್ತು. ಪಕ್ಕದ ಗೇಟಿನ ಮಫ್ಲರನ್ನೂ ಕರೆಯಿತು. ಮೂರನೇ ಸಲಕ್ಕೆ ಬೀದಿಯ ಎರಡೂ ಕಡೆ ಜನ ಮೆರವಣಿಗೆ ನೋಡುವ ಹಾಗೆ ನಿಂತಿದ್ದರು, ಯಾರೋ ಒಬ್ಬರು “ಎಡಗಡೆ ಕೇಳಿ ಸ್ವಾಮಿ, ಎಡಗಡೆ” ಎಂದು ಬುದ್ಧಿ ಹೇಳಿದರು. ಚನ್ನಬಸವಯ್ಯ ಯಾರ ಕಡೆಗೂ ನೋಡದೆ ತುಳಿಯುತ್ತಿದ್ದ. ಒಮ್ಮೆ ಮಾತ್ರ ಕಣ್ಣು ತನ್ನ ಮನೆಯ ಬಾಗಿಲಿಗೆ ಹೋಯಿತು. ಗಿರಿಜಾದೇವಿ ಅಲ್ಲಿ ನಿಂತಿದ್ದಳು. ಅವಳಾದರೂ ಒಂದಿಷ್ಟು ನಾಚಿಕೆಪಡಲಿ, ಒಳಗೆ ಹೋಗಲಿ ಎಂದು ಅವನು ಬಯಸಿದ. ಅವಳು ಆ ಹಿಟ್ಟಿನ ಮುಖದಲ್ಲಿ ನೋಡುತ್ತಲೇ ಇದ್ದಳು.

“ಅಚ್ಚು ಒಣಗೈತೆ ಅಯ್ನೋರೆ. ಅಳ್ಳೆಣ್ಣೆ ಬುಟ್ರೆ ಬಾಯ್ ಮುಚ್ಕತದೆ” ಎಂದು ಚಿಕ್ಕಬೈರಪ್ಪ ಹರಳೆಣ್ಣೆಯ ಡಬ್ಬಿ ತಂದು, ಬೇಡ ಬೇಡ ಎನ್ನುತ್ತಿದ್ದರೂ ಅಚ್ಚಿಗೆ, ಚೈನಿಗೆ, ಪೆಡಲಿಗೆ, ಕೊನೆಗೆ ಅದೊಂದನ್ನು ಯಾಕೆ ಬಿಡಲಿ ಎಂದು ಬೆಲ್ಲಿಗೂ ಸುರಿದ. ಸದ್ದು ಹಾಗೇ ಇತ್ತು. ಮರುದಿನ ಬೀದಿಯ ಕೆಂಧೂಳೆಲ್ಲ ಎಣ್ಣೆಗೆ ಮೆತ್ತಿಕೊಂಡು ಸೈಕಲ್ಲು ಗದ್ದೆಯಿಂದ ಎದ್ದು ಬಂದ ಎಮ್ಮೆಯಂತಾಯಿತು, ಪ್ಯಾಂಟಿನ ಅಂಚು ಹಾಳಾಯಿತು. ಆ ಪ್ಯಾಂಟನ್ನು ಗಿರಿಜಾದೇವಿಯ ಮುಂದೆ ಎಸೆದು ಅವನು ಕೂಗಾಡಿದ. “ನಿಮ್ಮಪ್ಪ ಕೊಟ್ಟ ಸೈಕಲ್ಲಲ್ವಾ ಇದು? ಕೊಬ್ಬರಿ ಮಂಡಿಯವರ ಕೈಯಿಂದ ಇನ್ನೇನು ಬರುತ್ತೆ? ತೂಕದಲ್ಲಿ ಹೊಡೆದು ಹೊಡೆದು ಅಭ್ಯಾಸ. ಅಳಿಯನಿಗೂ ಹೊಡೆದ.” ಅವಳು ಪ್ಯಾಂಟನ್ನು ಎತ್ತಿಕೊಂಡು, “ಸೀಗೆಪುಡೀಲಿ ನೆನೆಹಾಕ್ತೀನಿ” ಎಂದಳು. ತಂದೆಯನ್ನು ಬೈದರೂ ಮುಖದಲ್ಲಿ ಏರದ ಬಣ್ಣ, ಇಳಿಯದ ಬಣ್ಣ. ಸೈಕಲ್ಲು ಒಳ್ಳೆಯದೇ, ಇಂಗ್ಲೆಂಡಿನಿಂದ ಬಂದದ್ದು, ಮದುವೆಯ ದಿನ ಚಪ್ಪರದಲ್ಲಿ ಹೂವಿನ ಹಾರ ಹಾಕಿ ನಿಲ್ಲಿಸಿದ್ದಾಗ ಅವನು ಹೆಂಡತಿಯನ್ನು ನೋಡಿದ್ದಕ್ಕಿಂತ ಹೆಚ್ಚು ಸಲ ಅದನ್ನೇ ನೋಡಿದ್ದ. ಇದೂ ಅವನಿಗೆ ನೆನಪಿತ್ತು, ನೆನಪಿದ್ದದ್ದರಿಂದ ಇನ್ನೆರಡು ಮಾತು ಹೆಚ್ಚು ಬೈದ.

ಕೊನೆಗೆ ಸದ್ದನ್ನು ಹಿಡಿದವನು ಅವನೇ. ಕಚೇರಿಯಿಂದ ಬರುವಾಗ ಅಶೋಕ ಸ್ತಂಭದ ಕಡೆಯ ಏರಿನಲ್ಲಿ ಕಲ್ಲು ಚಪ್ಪಡಿ ಹೇರಿದ ಎತ್ತಿನ ಗಾಡಿಯೊಂದು ಅಡ್ಡ ಬಂತು. ದಾಟಲೆಂದು ಅವನು ಸೀಟಿನಿಂದ ಎದ್ದು, ಪೆಡಲುಗಳ ಮೇಲೆ ನಿಂತು ತುಳಿದ. ಗಾಡಿ ಹಿಂದಾಯಿತು. ಏನೋ ಕಳೆದುಹೋದಂತೆ ಅನ್ನಿಸಿ ಅವನು ಗಾಬರಿಯಾದ. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದಿರಲಿಲ್ಲ. ಕೂತ. ಕ್ರೀಂಯ್, ಟಕ್. ಎದ್ದ. ಇಲ್ಲ. ನಡುರಸ್ತೆಯಲ್ಲಿ ಕೂತು ಎದ್ದು, ಕೂತು ಎದ್ದು ಮಾಡುವ ಸೂಪರಿಂಟೆಂಡೆಂಟನ್ನು ಗಾಡಿಯವನು ಬಾಯಿ ಬಿಟ್ಟುಕೊಂಡು ನೋಡಿದ. ನೋಡಲಿ. ಅಚ್ಚಲ್ಲ, ಪಿನ್ನಲ್ಲ, ಪೆಡಲಲ್ಲ, ಸೀಟು! ಕಿಟ್ಟಿಯಂಥ ಬಡಾಯಿಗೂ ಚಿಕ್ಕಬೈರಪ್ಪನಂಥ ಹಳ್ಳಿಗಮಾರನಿಗೂ ಹೊಳೆಯದ್ದು ತನಗೆ ಹೊಳೆಯಿತು. ತಿಂಗಳುಗಟ್ಟಲೆ ಆದಮೇಲೆ ಮೊದಲ ಸಲ ಅವನಿಗೆ ಖುಷಿಯಾಯಿತು, ಆ ಖುಷಿಯ ಮುಕ್ಕಾಲು ಪಾಲು ಬೇರೆಯವರು ದಡ್ಡರೆಂಬುದರದ್ದು.

ಅಂದು ಸಂಜೆಯೇ ಹಿತ್ತಲಿನಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಗಿರಿಜಾದೇವಿಯನ್ನು ಕರೆದು “ಹ್ಯಾಂಡ್ಲು ಹಿಡ್ಕೊ” ಎಂದ. ಹಿಡಿದುಕೊಂಡಳು. “ಗಟ್ಟಿಯಾಗಿ.” ಗಟ್ಟಿಯಾಗಿ ಹಿಡಿದಳು. ಸೀಟಿನ ಕೆಳಗಿನ ನಟ್ಟುಗಳನ್ನು ಬಿಚ್ಚಿ ಸೀಟನ್ನು ಕಂಬಿಯ ಸಮೇತ ಎಳೆದು ತೆಗೆದ. ಕಂಬಿ ತುಕ್ಕು ಹಿಡಿದಿತ್ತು. ಸೀಟಿನ ಬಲಗಡೆಯ ಸ್ಪ್ರಿಂಗು ಎಡಗಡೆಯದಕ್ಕಿಂತ ಕುಸಿದಿತ್ತು, ಬಲಗಡೆಯ ನಟ್ಟು ಮಾತ್ರ ಸವೆದು ಸಡಿಲವಾಗಿತ್ತು. ಅವನು ಬಲಕ್ಕೆ ವಾಲಿ ಕೂರುತ್ತಿದ್ದ. ಕಚೇರಿಯ ಕುರ್ಚಿಯಲ್ಲಿ ಹಾಗೆ ಕೂತೂ ಕೂತೂ ಮೈ ಹಾಗೇ ಆಗಿತ್ತೋ, ಹುಟ್ಟಿನಿಂದಲೇ ಹಾಗೋ. ತನ್ನ ಬೆನ್ನ ಹಿಂದೆ ಇಷ್ಟು ವರ್ಷ ಎಲ್ಲರೂ ಆ ಓರೆ ಬೆನ್ನನ್ನು ನೋಡಿದ್ದಾರೆ, ಯಾರೂ ಹೇಳಿಲ್ಲ. ಅವನು ಕಂಬಿಯ ತುಕ್ಕನ್ನು ಉಜ್ಜಿ ತೆಗೆದು, ಅವಳಿಂದ ವ್ಯಾಸಲೀನ್ ತರಿಸಿ ಬಳಿದು, ಹಳೆಯ ಟ್ಯೂಬಿನ ತುಂಡು ಕತ್ತರಿಸಿ ನಟ್ಟಿನ ಕೆಳಗಿಟ್ಟು, ಕೈ ಕೆಂಪಾಗುವವರೆಗೆ ಬಿಗಿದ.

“ಗೊತ್ತಾಯ್ತಾ ರೀ, ಸದ್ದು ಎಲ್ಲಿಂದ ಅಂತ?” ಎಂದು ಗಿರಿಜಾದೇವಿ ಕೇಳಿದಳು. ಕೇಳದ ಹೊರತು ಮಾತಾಡದವಳು.

“ಇಲ್ಲ” ಎಂದ ಅವನು. ಅವಳನ್ನೂ ಹಿಡಿಯಬೇಕಾಗಿತ್ತು, ಹಿಡಿಯಬೇಕಾದವರಿಗೆ ಯಾರಾದರೂ ಹೇಳುತ್ತಾರೆಯೇ?

“ಹೋಗ್ಲಿ ಬಿಡ್ರೀ. ಅದರ ಪಾಡಿಗೆ ಅದಿರ್ಲಿ. ಅಭ್ಯಾಸ ಆಗ್ಹೋಗಿದೆ.”

ಅಭ್ಯಾಸ! ಯಾವುದಕ್ಕೆ ಬೇಕಾದರೂ ಅಭ್ಯಾಸವಾಗುವ ಜನ್ಮ ಎಂದು ಅವನು ಮನಸ್ಸಿನಲ್ಲೇ ಉಗುಳಿದ. ಸೈಕಲ್ಲನ್ನು ತಳ್ಳಿಕೊಂಡು ಖಾಲಿ ಸೈಟುಗಳ ಕಡೆಗೆ ಹೋಗಿ ತುಳಿದು ನೋಡಿದ. ಟೈರಿನ ಕೆಳಗೆ ಮರಳು ಜರುಗುವುದು ಕೇಳಿಸಿತು, ಹುಲ್ಲಿನಲ್ಲಿ ಹುಳುಗಳು ಕೂಗುವುದು ಕೇಳಿಸಿತು, ತನ್ನ ಉಸಿರು ಕೇಳಿಸಿತು. ಮನೆಗೆ ಬರುವಾಗ ಮತ್ತೆ ತಳ್ಳಿಕೊಂಡೇ ಬಂದ.

ಮರುದಿನ ಕಚೇರಿಗೆ ಅವನು ಕಳ್ಳನ ಹಾಗೆ ಹೋದ. ಸೈಕಲ್ಲನ್ನು ನಿಲ್ಲಿಸಿ, ಚಪ್ಪಲಿ ಸದ್ದಾಗದಂತೆ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತ. ನಾಲಗೆಯ ತುದಿಯಲ್ಲಿ ಮಾತುಗಳು ಸಾಲಾಗಿ ನಿಂತಿದ್ದವು. ಒಳಗೆ ಎಲ್ಲರೂ ಕೆಲಸ ಮಾಡುತ್ತಿದ್ದರು. ಮೇಜಿನ ಮೇಲೆ ಕಾಲಿರಲಿಲ್ಲ, ಕಡಲೆಕಾಯಿ ಸಿಪ್ಪೆಯಿರಲಿಲ್ಲ. ಒಬ್ಬ ಓದುತ್ತಿದ್ದ, ಇನ್ನೊಬ್ಬ ತಾಳೆ ನೋಡುತ್ತಿದ್ದ. ಚನ್ನಬಸವಯ್ಯ ನಿಂತೇ ಇದ್ದ, ಅರ್ಜಿ ಹಿಡಿದು ಬಂದವರು ನಿಲ್ಲುವ ಜಾಗದಲ್ಲಿ. ಹಿರಿಯ ಗುಮಾಸ್ತ ತಿಮ್ಮರಾಯಪ್ಪ ತಲೆ ಎತ್ತದೆ, “ಏನಾಗ್ಬೇಕಿತ್ತು? ಹನ್ನೊಂದು ಗಂಟೆ ಮೇಲೆ ಬನ್ನಿ” ಎಂದ. ಆಮೇಲೆ ಕಣ್ಣೆತ್ತಿ, “ಓ, ನೀವಾ ಸಾರ್! ಗೊತ್ತೇ ಆಗ್ಲಿಲ್ಲ” ಎಂದು ಎದ್ದು ನಿಂತ. ಅವನಿಲ್ಲದಾಗಲೂ ಇವರು ಹೀಗೇ ಇರುತ್ತಾರೆ, ಅವನ ಭಯವೂ ಇಲ್ಲ, ಅವನ ಮಾತೂ ಇಲ್ಲ. ಆಡಿಕೊಳ್ಳುವುದಕ್ಕೂ ಅವನನ್ನು ಇಟ್ಟುಕೊಂಡಿರಲಿಲ್ಲ. ದಿನವಿಡೀ ಅವನು ಫೈಲುಗಳಲ್ಲಿ ಕಾಮಾ, ಪೂರ್ಣವಿರಾಮಗಳ ತಪ್ಪು ಹುಡುಕಿದ. ಉಳಿದದ್ದು ಮನೆ. ಅಲ್ಲಿ ಸಿಕ್ಕೇ ಸಿಗುತ್ತದೆ: ತೊಳೆಯದ ಪಾತ್ರೆ, ಹಗಲು ನಿದ್ದೆ, ಬಾಡಿಗೆ ಮನೆಯ ಅಕ್ಕಿ ಮಾಲೀಕರ ಮನೆಗೆ ದಾಟುವುದು, ಏನಾದರೊಂದು. ಅವಳ ಮುಖಕ್ಕೆ ತಕ್ಕಂಥದ್ದು ಒಂದು ಸಿಕ್ಕರೆ ಒಂಬತ್ತು ವರ್ಷದ ತನ್ನ ತಾತ್ಸಾರಕ್ಕೆ ಒಂದು ನ್ಯಾಯ ದೊರೆತಂತಾಗುತ್ತದೆ. ಇಷ್ಟು ಮಾತ್ರ ಅವನಿಗೆ ಬೇಕಾಗಿತ್ತು.

ಸಂಜೆ ಬಿಸಿಲು ಹಳದಿಯಾಗಿದ್ದಾಗ ಅವನು ಬೀದಿಗೆ ತಿರುಗಿದ. ಮಫ್ಲರುಗಳು ತಿರುಗಿ ನೋಡಲಿಲ್ಲ. ಪಕ್ಕದ ಸೈಟಿನಲ್ಲಿ ಎದೆಯೆತ್ತರಕ್ಕೆ ಎದ್ದು ನಿಂತಿದ್ದ ಗೋಡೆಯ ಹತ್ತಿರ ಇಳಿದು ಸೈಕಲ್ಲನ್ನು ಹಿಡಿದು ನಿಂತ. ಅವರೆಕಾಯಿಯ ಕಾಲ, ಸೊಗಡಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಅವನ ಮನೆಯ ಜಗಲಿಯ ಮೇಲೆ ಇಬ್ಬರು ಹೆಂಗಸರು ನೆನೆಸಿದ ಅವರೆಕಾಳನ್ನು ಹಿದುಕುತ್ತ ಕೂತಿದ್ದರು. ಒಬ್ಬಳು ಮುನಿವೆಂಕಟಮ್ಮ. ಇನ್ನೊಬ್ಬಳು ಯಾರೋ ನೆಂಟರವಳು, ಪುಟ್ಟೇನಹಳ್ಳಿಯ ಕಡೆಯಿಂದ ಬಂದಿರಬೇಕು. ಕಾಲು ಚಾಚಿ ಕೂತು, ಹಿದುಕಿದ ಕಾಳೊಂದು ಚಿಮ್ಮಿ ಮುನಿವೆಂಕಟಮ್ಮನ ಮೂಗಿಗೆ ಬಿದ್ದದ್ದಕ್ಕೆ ಕತ್ತು ಹಿಂದಕ್ಕೆ ಹಾಕಿ ನಗುತ್ತಿದ್ದಳು. ನಗು ಹೊಟ್ಟೆಯಿಂದ ಬರುತ್ತಿತ್ತು. ಮುಖವೆಲ್ಲ ನಗುತ್ತಿತ್ತು, ಕೈಯೂ ನಗುತ್ತಿತ್ತು. ಇಂಥ ಹೆಣ್ಣು ಇರುವ ಮನೆಯ ಗಂಡಸು ಪುಣ್ಯವಂತ ಎಂದು ಚನ್ನಬಸವಯ್ಯನಿಗೆ ಥಟ್ಟನೆ ಅನ್ನಿಸಿತು. ಅನ್ನಿಸಿ ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳು ಉಟ್ಟ ಸೀರೆ ಅವನ ಕಣ್ಣಿಗೆ ಬಿತ್ತು. ಆ ಸೀರೆ ಅವನು ತಂದದ್ದು.

ಗಿರಿಜಾದೇವಿ ಎಲೆಯಡಿಕೆ ಹಾಕಿಕೊಂಡಿದ್ದಳು, ತುಟಿ ಕೆಂಪಾಗಿತ್ತು. ಈಗ ಅವಳು ಜಗಲಿಯ ಅಂಚಿಗೆ ಸರಿದು, ಬಲಭುಜ ಇಳಿಸಿ ಎಡಭುಜ ಎತ್ತಿ, ಕೆಳತುಟಿಯನ್ನು ಒಳಕ್ಕೆ ಎಳೆದುಕೊಂಡು, ಗಾಳಿಯಲ್ಲಿ ಪೆಡಲು ತುಳಿಯತೊಡಗಿದಳು. “ಕ್ರೀಂಯ್... ಟಕ್. ಕ್ರೀಂಯ್... ಟಕ್.” ಬಲಗಾಲಿಗೆ ಕ್ರೀಂಯ್, ಎಡಗಾಲಿಗೆ ಟಕ್. ಒಂದಿಷ್ಟೂ ತಪ್ಪಿರಲಿಲ್ಲ.

“ಅಯ್ಯೋ ನಿಲ್ಸವ್ವ, ಒಟ್ಟೆ ನೋಯ್ತದೆ” ಎಂದು ಮುನಿವೆಂಕಟಮ್ಮ ಕಣ್ಣೊರೆಸಿಕೊಂಡಳು. “ಸವಾರಿ ಬಂದ್ಬುಟ್ಟಾತು!”

“ಬಂದ್ರೆ ಕೇಳ್ಸುತ್ತೆ ಬಿಡಿ. ಆ ಬೀದಿ ತುದೀಲಿರೋವಾಗ್ಲೇ ಕೇಳ್ಸುತ್ತೆ. ಬಾಯಿ ಮುಕ್ಕಳ್ಸಿ, ಕಾಫಿಗೆ ಇಟ್ಟು, ಮುಖ ಹಾಕ್ಕೊಂಡು ಬಾಗಿಲಿಗೆ ಬರೋಷ್ಟು ಹೊತ್ತಿರುತ್ತೆ.”

“ಮುಖ ಆಕ್ಕಳಾದಾ? ಅದೆಂಗವ್ವ?”

“ಹೀಗೆ” ಎಂದಳು ಗಿರಿಜಾದೇವಿ. ಎರಡು ಕೈಯಿಂದ ಕೆನ್ನೆ ಸವರಿಕೊಂಡು ಕೈ ತೆಗೆದಳು. ಆ ಮುಖ ಅಲ್ಲಿತ್ತು. ಒಂಬತ್ತು ವರ್ಷ ಅವನ ಎದುರಿಗಿದ್ದ ಮುಖ, ಸಿಟ್ಟಿಲ್ಲದ್ದು, ಸೆಡವಿಲ್ಲದ್ದು. ಅದು ಅವಳ ಮುಖ ಎಂದು ಅವನು ತಿಳಿದಿದ್ದ. ಒಂದು ಗಳಿಗೆ ಹಾಗಿದ್ದು, ತಡೆಯಲಾರದೆ ಅವಳು ಫಕ್ಕನೆ ನಕ್ಕಳು, ಮುಖ ಒಡೆದು ಹೋಯಿತು.

ಸಿಟ್ಟು ಬರಬೇಕಾಗಿತ್ತು. ಬೇಕಾದದ್ದು ಸಿಕ್ಕಿತ್ತು, ಕೈಗೆಟುಕುವಷ್ಟು ಹತ್ತಿರದಲ್ಲಿ, ಸಾಕ್ಷಿಯ ಸಮೇತ. ಇಷ್ಟು ವರ್ಷ ಅಷ್ಟು ಸಲೀಸಾಗಿ ಬರುತ್ತಿದ್ದ ತಾತ್ಸಾರ ಈಗ ಕರೆದರೂ ಬರಲಿಲ್ಲ. ಅವನಿಗೆ ಬಂದದ್ದು ಆಸೆ. ಆ ಜಗಲಿಯ ಮೇಲೆ, ಆ ಮೊರದ ಪಕ್ಕದಲ್ಲಿ ಕೂರಬೇಕು, ಚಿಮ್ಮಿದ ಕಾಳು ತನ್ನ ಮೂಗಿಗೂ ಬೀಳಬೇಕು, ಇವಳು ತನ್ನನ್ನು ನೋಡಿ ಹಾಗೆ ಕತ್ತು ಹಿಂದಕ್ಕೆ ಹಾಕಬೇಕು ಎಂಬ ನಾಚಿಕೆಗೆಟ್ಟ ಆಸೆ. ಅಷ್ಟು ಹತ್ತಿರದಲ್ಲಿ ಒಂಬತ್ತು ವರ್ಷ ಇದ್ದು ತಾನು ಏನನ್ನು ನೋಡಿದೆ? ಅವನ ಕೈ ತಾನಾಗಿ ಬೆಲ್ಲಿನ ಮೇಲೆ ಹೋಯಿತು. ಬಾರಿಸಿದ. ಎಚ್ಚರಿಸಿದಂತಾಗಲಿ, ಅವರಿಗೆ ಹೊತ್ತು ಸಿಗಲಿ, ತಾನು ಏನನ್ನೂ ನೋಡಿಲ್ಲದಂತೆ ಆಗಲಿ. ಆದರೆ ಬೆಲ್ಲು ಎಲ್ಲರ ಸೈಕಲ್ಲಿನಲ್ಲೂ ಇತ್ತು. ಅವರು ತಲೆ ಎತ್ತಲಿಲ್ಲ. ಅವನು ಸೈಕಲ್ಲನ್ನು ತಳ್ಳಿಕೊಂಡು ಗೇಟಿನ ಒಳಗೆ ಬಂದ.

ಗಿರಿಜಾದೇವಿ ನಗುತ್ತಲೇ ತಿರುಗಿದಳು. ನಗು ತುಂಬಿದ ಕಣ್ಣು ಅವನ ಮೇಲೆ ಬಿತ್ತು, ಒಂದು ಕ್ಷಣ ಅವನಿಗೂ ಅದು ಸಿಕ್ಕಿತು. ಅಷ್ಟೇ. ಅವಳು ಎದ್ದಳು, ಮೊರ ಉರುಳಿತು, ಕಾಳು ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಮುನಿವೆಂಕಟಮ್ಮ ಸೆರಗು ಎಳೆದುಕೊಂಡು ಗೋಡೆಯ ಬದಿಗೆ ಸರಿದು, ಹಿತ್ತಲ ಕಡೆಗೆ ಹೊರಟೇ ಹೋದಳು. ಕೆನ್ನೆ ಸವರಿಕೊಳ್ಳಲೂ ಹೊತ್ತಿರಲಿಲ್ಲ. ಅವನ ಕಣ್ಣೆದುರಿಗೇ ತುಟಿ ಮುಚ್ಚಿತು, ಹುಬ್ಬು ಇಳಿಯಿತು, ಕಣ್ಣಿನ ಬೆಳಕು ಹೋಯಿತು, ಆ ಮುಖ ಬಂದು ಕೂತಿತು. ಎಲೆಯಡಿಕೆಯ ಕೆಂಪು ಮಾತ್ರ ತುಟಿಯ ಮೇಲೆ ಉಳಿದಿತ್ತು.

“ಸೈಕಲ್ ಸದ್ದೇ ಕೇಳಿಸ್ಲಿಲ್ವಲ್ರೀ” ಎಂದಳು. “ಕಾಫಿಗೆ ಇಡ್ತೀನಿ, ಒಂದೇ ನಿಮಿಷ.”

“ನಿಲ್ಲು.”

ನಿಂತಳು. ಅವನಿಗೆ ಹೇಳಬೇಕಾದದ್ದು ಬಹಳ ಇತ್ತು. ನಾನು ನೋಡಿದೆ, ನನಗೆ ಸಿಟ್ಟಿಲ್ಲ, ಇನ್ನೊಮ್ಮೆ ಹಾಗೆ ತುಳಿದು ತೋರಿಸು, ನೀನು ಹಾಗೆ ನಗುತ್ತೀಯೆಂದು ನನಗೆ ಗೊತ್ತಿರಲಿಲ್ಲ. ಇಂಥ ಮಾತುಗಳನ್ನು ಯಾವ ದನಿಯಲ್ಲಿ ಆಡಬೇಕೆಂದು ಅವನು ಎಲ್ಲೂ ಕಲಿತಿರಲಿಲ್ಲ. ಬಾಯಿಗೆ ಬಂದದ್ದು, ಸೆಕ್ಷನ್ನಿನಲ್ಲಿ ಬರುವ ಹಾಗೇ ಬಂತು.

“ಯಾಕೆ ನಿಲ್ಲಿಸ್ದೆ? ನಗು.”

“ಏನ್ರೀ?”

“ನಗು ಅಂದೆ.”

ಗಿರಿಜಾದೇವಿ ಅವನನ್ನೇ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು, ನೆಟ್ಟಗೆ ನಿಂತಳು, ನಕ್ಕಳು. ನಕ್ಕು, ಸಾಕೇ ಎಂದು ಅವನ ಮುಖ ನೋಡಿದಳು.